ರಮಾನಂದರು ತೋರಿಸಿದ ಬೀಜಿಂಗ್

ರಮಾನಂದರು ಬೀಜಿಂಗಿನಲ್ಲಿ ಇದ್ದದ್ದು ಸುಳ್ಳಲ್ಲ. ನಾಲ್ಕು ವರ್ಷ ಇದ್ದೆ ಎಂಬುದು ಸುಳ್ಳು. ಇದ್ದದ್ದು ನಾಲ್ಕು ತಿಂಗಳು, ಅದೂ ಊರಿನಿಂದ ಒಂದೂವರೆ ಗಂಟೆ ದೂರದ ಒಂದು ಕಾರ್ಖಾನೆಯ ಅತಿಥಿಗೃಹದಲ್ಲಿ, ಕೊರೆಯುವ ಚಳಿಯಲ್ಲಿ, ಹೀಟರಿನ ಪಕ್ಕ.

ತಿಂಗಳು ವರ್ಷವಾದದ್ದು ಹೋಳಿಗೆಯಿಂದ. ಅವರು ಮಲೇಷ್ಯಾದ ಪಿನಾಂಗಿನ ಬಯಾನ್ ಲೆಪಾಸಿಗೆ ಚಿಪ್ ಕಾರ್ಖಾನೆಯ ಕ್ವಾಲಿಟಿ ಮ್ಯಾನೇಜರಾಗಿ ಬಂದ ಹೊಸತರಲ್ಲಿ, ಕನ್ನಡ ಕೂಟದ ದೀಪಾವಳಿ ಊಟಕ್ಕೆ ಕೂತಿದ್ದಾಗ, ಪಕ್ಕದವರು "ಬೀಜಿಂಗಲ್ಲಿ ಎಷ್ಟು ಕಾಲ ಇದ್ರಿ ಸಾರ್?" ಎಂದು ಕೇಳಿದ್ದರು. ಬಾಯಿ ತುಂಬ ಹೋಳಿಗೆ ಇದ್ದದ್ದರಿಂದ ರಮಾನಂದರು "ನಾಲ್ಕು" ಎಂದಷ್ಟೇ ಹೇಳಿದರು. "ನಾಲ್ಕು ವರ್ಷವಾ" ಎಂದು ಅವರು ಕಣ್ಣರಳಿಸಿದರು. ರಮಾನಂದರು ಹೋಳಿಗೆ ನುಂಗಿದರು, ಮಾತನ್ನು ತಿದ್ದಲಿಲ್ಲ.

ನಾಲ್ಕು ವರ್ಷ ಇದ್ದವರ ಹತ್ತಿರ ಹೇಳಲು ಏನಾದರೂ ಇರಬೇಕಲ್ಲ. ವಿಮಾನದ ಪತ್ರಿಕೆಯಲ್ಲಿ ಹುತೊಂಗ್‌ಗಳ ಬಗ್ಗೆ ಓದಿದ್ದು ನೆನಪಿತ್ತು. ಹುತೊಂಗ್ ಎಂದರೆ ಬೀಜಿಂಗಿನ ಹಳೆಯ ಓಣಿಗಳು. ಬೂದು ಇಟ್ಟಿಗೆಯ ಗೋಡೆ, ಕೆಂಪು ಬಾಗಿಲು, ಬಾಗಿಲಿನ ಆಚೆ ಒಂದೇ ಅಂಗಳದ ನಾಲ್ಕೂ ಕಡೆ ಮನೆಗಳು. ಕೆಲವು ಏಳುನೂರು ವರ್ಷ ಹಳೆಯವು. ಅಂಥ ಓಣಿಯಲ್ಲಿ ತಮಗೊಬ್ಬ ಗೆಳೆಯನಿದ್ದಾನೆ, ಹೆಸರು ವಾಂಗ್, ಪಾರಿವಾಳ ಸಾಕಿದ್ದಾನೆ, ಪ್ರತಿ ಭಾನುವಾರ ತಮ್ಮನ್ನು ಚಹಾಕ್ಕೆ ಕರೆಯುತ್ತಿದ್ದ ಎಂದು ರಮಾನಂದರು ಹೇಳತೊಡಗಿದರು. ಆರು ವರ್ಷಗಳಲ್ಲಿ ವಾಂಗ್‌ಗೆ ಮದುವೆಯಾಗಿ ಎರಡು ಮಕ್ಕಳೂ ಆದವು.

ಇದೆಲ್ಲ ಯಾರಿಗೂ ತೊಂದರೆ ಕೊಡದೆ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಕೊರೋನಾ ಬಂತು.

ಕೂಟದ ಹಬ್ಬಗಳೆಲ್ಲ ನಿಂತು ಎಲ್ಲವೂ ಝೂಮ್ ಪರದೆಗೆ ಏರಿದವು. ಅಧ್ಯಕ್ಷ ಜಯರಾಮ ಸುಮ್ಮನೆ ಕೂರುವ ಮನುಷ್ಯನಲ್ಲ. 'ಕೂತಲ್ಲೇ ಪ್ರವಾಸ' ಎಂಬ ಭಾನುವಾರದ ಕಾರ್ಯಕ್ರಮ ಶುರುಮಾಡಿದ. ಮೊದಲ ವಾರ ಒಬ್ಬರು ಹಂಪಿಯ ಫೋಟೋ ತೋರಿಸಿದರು, ಅರ್ಧ ಜನ ಕ್ಯಾಮೆರಾ ಮುಚ್ಚಿ ನಿದ್ದೆಹೋದರು. ಎರಡನೇ ವಾರ ವಾಸಂತಿ ಎಂಬುವರ ತಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಫೋನು ಹಿಡಿದುಕೊಂಡು ನಡೆದ. ಮಲ್ಲಿಗೆ ಮಾರುವವಳು ಪರದೆಯಲ್ಲೇ "ಎಷ್ಟು ಮೊಳ ಬೇಕಕ್ಕ" ಎಂದು ಕೇಳಿದಳು. ಕೂಟ ಪುಳಕಗೊಂಡಿತು. ಇನ್ನು ಮೇಲೆ ಎಲ್ಲವೂ ಲೈವ್ ಆಗಬೇಕು ಎಂದು ತೀರ್ಮಾನವಾಯಿತು.

ಸೋಮವಾರ ಜಯರಾಮನ ಫೋನು ಬಂತು.

"ಸಾರ್, ಈ ಸಂಡೇ ನಿಮ್ಮ ಹುತೊಂಗು. ನಿಮ್ಮ ಫ್ರೆಂಡ್ ವಾಂಗ್ ಅವ್ರು ಫೋನ್ ಹಿಡ್ಕೊಂಡು ಅವರ ಬೀದೀಲಿ ನಡೀತಾರೆ, ನೀವು ಇಲ್ಲಿಂದ ಕಾಮೆಂಟ್ರಿ ಕೊಡ್ತೀರ. ಹೇಗೂ ಬೀಜಿಂಗ್‌ದೂ ನಮ್ದೂ ಟೈಮ್ ಒಂದೇ."

"ವಾಂಗ್ ಬಿಜಿ ಇರಬಹುದು" ಎಂದರು ರಮಾನಂದರು.

"ಭಾನುವಾರ ಏನು ಬಿಜಿ ಸಾರ್? ನೀವೇ ಹೇಳಿದ್ರಲ್ಲ, ಭಾನುವಾರ ಪಾರಿವಾಳಕ್ಕೆ ಕಾಳು ಹಾಕೋದು ಬಿಟ್ರೆ ಬೇರೆ ಕೆಲಸ ಇಲ್ಲ ಅಂತ."

ರಮಾನಂದರು ಆಗಲಿ ಎಂದರು.

ಹೆಂಡತಿ ಸುಗಂಧಿಗೆ ಎಲ್ಲ ಗೊತ್ತಿತ್ತು. ಆಕೆ ಹುರುಳಿಕಾಳು ಆರಿಸುತ್ತಾ ಹೇಳಿದಳು: "ವಾಂಗ್‌ಗೆ ಹುಷಾರಿಲ್ಲ ಅಂತ ಹೇಳಿ ಮಾರಾಯ್ರೆ. ಮುಗಿಯಿತಲ್ಲ."

"ಹುಷಾರಿಲ್ಲ ಅಂದ್ರೆ ಜಯರಾಮ ಸುಮ್ಮನಿರ್ತಾನಾ? ಕೂಟದವರೆಲ್ಲ ಸೇರಿ ವಾಂಗ್‌ಗೆ ಗೆಟ್ ವೆಲ್ ಸೂನ್ ವಿಡಿಯೋ ಮಾಡ್ತಾರೆ."

ಮಗಳು ಮಯೂರಿ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಪ್ಪಾ, ಜಾರ್ಜ್ ಟೌನ್ ಲುಕ್ಸ್ ಚೈನೀಸ್ ಇನಫ್" ಎಂದಳು. ಜಾರ್ಜ್ ಟೌನ್ ಎಂದರೆ ಪಿನಾಂಗಿನ ಹಳೆಯ ಪೇಟೆ, ಚೀನೀಯರೇ ಹೆಚ್ಚು. ಅವಳು ಹೇಳಿದ್ದು ತಮಾಷೆಗೆ. ರಮಾನಂದರಿಗೆ ಮಾತ್ರ ಅದು ಹೊಳೆಯುವ ಬಾಗಿಲಾಗಿ ಕಂಡಿತು.

ಅದು 2021ರ ಮಾರ್ಚ್. ಸರ್ಕಾರ ಕಟ್ಟುಪಾಡನ್ನು ಸ್ವಲ್ಪ ಸಡಿಲಿಸಿತ್ತು. ರಾಜ್ಯದೊಳಗೆ ಓಡಾಡಬಹುದು, ಗುಂಪು ಸೇರುವ ಹಾಗಿಲ್ಲ. ಶನಿವಾರ ಬೆಳಿಗ್ಗೆ ರಮಾನಂದರು ಮಾಸ್ಕು ಹಾಕಿಕೊಂಡು ಜಾರ್ಜ್ ಟೌನಿನ ಹಳೆಯ ಓಣಿಗಳಲ್ಲಿ ಬೀಜಿಂಗನ್ನು ಹುಡುಕಿದರು. ಹಳದಿ ಗೋಡೆ, ನೀಲಿ ಕಿಟಕಿ, ಎಲ್ಲೆಲ್ಲೂ ಬಣ್ಣ. ಬೂದು ಬಣ್ಣವೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಕೊನೆಗೆ ಮೂರು ತಿರುವು ದಾಟಿದ ಮೇಲೆ, ಸುಣ್ಣ ಉದುರಿ ಸಿಮೆಂಟು ಕಾಣುವ ಒಂದು ಸಂದಿ ಸಿಕ್ಕಿತು. ಎರಡು ಕೆಂಪು ಬಾಗಿಲು, ಒಂದು ಕೆಂಪು ಕಾಗದದ ದೀಪ, ಊದುಬತ್ತಿ ಸಿಕ್ಕಿಸಿದ ಡಬ್ಬಿ. ರಮಾನಂದರು ಫೋನು ಎತ್ತಿ ಕೋನ ನೋಡುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಎನ್ನ ತಂಬಿ, ಯಾರೈ ತೇಡ್ರೇ?"

ಯಾರನ್ನು ಹುಡುಕುತ್ತಿದ್ದೀಯ ತಮ್ಮಾ ಎಂದು ಸ್ಪಷ್ಟ ತಮಿಳಿನಲ್ಲಿ ಕೇಳಿದವರು ಬನಿಯನ್ ತೊಟ್ಟು ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಚೀನೀ ಮುದುಕರು. ಹೆಸರು ತಿಯೋ. ಎಪ್ಪತ್ತಾರು ವರ್ಷ. ತಮಿಳು ಮುಸ್ಲಿಮ್ ಅಕ್ಕಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ನಲವತ್ತು ವರ್ಷ ಕೆಲಸ ಮಾಡಿದವರು. ಐವತ್ತೆರಡರ ರಮಾನಂದರನ್ನು ಯಾರಾದರೂ ತಮ್ಮಾ ಎಂದು ಕರೆದು ಬಹಳ ಕಾಲವಾಗಿತ್ತು. ಅವರಿಗೆ ಹೇಗೋ ಆಗಿಬಿಟ್ಟಿತು. ಅರೆಬರೆ ತಮಿಳಿನಲ್ಲಿ ಇದ್ದದ್ದನ್ನೆಲ್ಲ ಹೇಳಿಬಿಟ್ಟರು.

ತಿಯೋ ಅಂಕಲ್ ಗಂಭೀರವಾಗಿ ಕೇಳಿದರು. ಪ್ರವಾಸಿಗಳಿಲ್ಲದೆ ವರ್ಷದಿಂದ ಅವರ ಓಣಿಯಲ್ಲಿ ಬೆಕ್ಕು ಬಿಟ್ಟು ಬೇರೆ ಸುದ್ದಿ ಇರಲಿಲ್ಲ.

"ವಾಂಗ್ ಆಗಬೇಕು, ಅಷ್ಟೇ ತಾನೆ? ವಾಂಗ್‌ಗೆ ವಯಸ್ಸೆಷ್ಟು?"

"ಐವತ್ತು."

"ಕೂದಲಿಗೆ ಬಣ್ಣ ಹಾಕಿಸಲಾ?"

"ಬೇಡ ಅಂಕಲ್. ನೀವು ಕಾಣಿಸೋದೇ ಇಲ್ಲ. ಫೋನ್ ಹಿಡಿದು ನಡೆದರೆ ಸಾಕು. ಮಾತಾಡಬೇಡಿ. ಬೋರ್ಡು ತೋರಿಸಬೇಡಿ. ಆ ಕಡೆ ನಾಸಿ ಕಂದರ್ ಊಟದ ಅಂಗಡಿ ಇದೆಯಲ್ಲ, ಅತ್ತ ತಿರುಗಲೇಬೇಡಿ."

"ನಾನು ಚೀನಾ ನೋಡೇ ಇಲ್ಲ, ಗೊತ್ತಾ? ತಾತ ಬಂದವರು. ನಮ್ಮ ಮನೇಲಿ ಹೊಕ್ಕಿಯನ್ ಮಾತು. ಬೀಜಿಂಗ್‌ನವರ ಮಾತೇ ಬೇರೆ."

"ನಮ್ಮವರಿಗೆ ಎರಡೂ ಗೊತ್ತಿಲ್ಲ" ಎಂದು ರಮಾನಂದರು ಧೈರ್ಯ ಹೇಳಿದರು. ಅಕಸ್ಮಾತ್ ಕಂಡುಬಿಟ್ಟರೆ ಇರಲಿ ಎಂದು ತಮ್ಮ ಚಳಿಗಾಲದ ಜಾಕೆಟ್ಟನ್ನೂ ಉಣ್ಣೆಯ ಟೋಪಿಯನ್ನೂ ಭಾನುವಾರ ತರುವುದೆಂದು ಮಾತಾಯಿತು. ಮಾರ್ಚಿನ ಬೀಜಿಂಗಿನಲ್ಲಿ ಬನಿಯನ್ನಿನಲ್ಲಿ ಯಾರೂ ತಿರುಗುವುದಿಲ್ಲ.

ಭಾನುವಾರ ಹತ್ತು ಗಂಟೆಗೆ ರಮಾನಂದರು ಓಣಿಯ ತುದಿಯಲ್ಲಿ ಕಾರು ನಿಲ್ಲಿಸಿ, ಲ್ಯಾಪ್‌ಟಾಪನ್ನು ಸ್ಟೀರಿಂಗಿಗೆ ಒರಗಿಸಿ ಕೂತರು. ಮಯೂರಿ ಅವರ ಬೆನ್ನ ಹಿಂದೆ ಪುಸ್ತಕದ ಕಪಾಟಿನ ಚಿತ್ರ ಹಾಕಿಕೊಟ್ಟಿದ್ದಳು. ತಲೆ ಅಲ್ಲಾಡಿಸಿದಾಗ ಒಂದು ಕಿವಿ ಕಪಾಟಿನೊಳಗೆ ಮಾಯವಾಗುತ್ತಿತ್ತು. ಪರದೆಯಲ್ಲಿ ನಲವತ್ಮೂರು ಕಿಟಕಿ. ಅವುಗಳಲ್ಲಿ ಒಂದಕ್ಕೆ 'ವಾಂಗ್, ಬೀಜಿಂಗ್' ಎಂಬ ಹೆಸರು.

ಮೊದಲ ಏಳು ನಿಮಿಷ ಎಲ್ಲವೂ ಹೂವಿನ ಹಾಗೆ ನಡೆಯಿತು. ತಿಯೋ ಅಂಕಲ್ ಮದುಮಗನ ಹೆಜ್ಜೆಯಲ್ಲಿ ನಡೆದರು. ಸಿಮೆಂಟಿನ ಗೋಡೆ, ಕೆಂಪು ಬಾಗಿಲು, ಮಲಗಿದ ಬೆಕ್ಕು. ಪಕ್ಕದ ಮನೆಯ ಅಜ್ಜಿ ಹೊರಬಂದು ಅವರಿಗೆ ಉದ್ದುದ್ದ ಏನೋ ಹೇಳಿದರು.

"ಎಷ್ಟು ಚೆಂದ ಮಾತಾಡ್ತಾರೆ" ಎಂದರು ವಾಸಂತಿ. "ಏನಂದ್ರು ಸಾರ್?"

"ಈ ಬಾಗಿಲು ಮಿಂಗ್ ರಾಜರ ಕಾಲದ್ದಂತೆ" ಎಂದು ರಮಾನಂದರು ಅನುವಾದಿಸಿದರು. ಆ ಅಜ್ಜಿ ಕೇಳಿದ್ದು, ಈ ಬಿಸಿಲಲ್ಲಿ ಉಣ್ಣೆ ಟೋಪಿ ಹಾಕಿದ್ದೀಯಲ್ಲ, ನಿನಗೆ ತಲೆ ಕೆಟ್ಟಿದೆಯಾ ಎಂದು. ಅದು ಅವರಿಗೆ ಗೊತ್ತಾದದ್ದು ಆಮೇಲೆ.

"ಅದೇನ್ ಸಾರ್, ಬಾಳೆಗಿಡ?" ಎಂದ ಜಯರಾಮ.

"ಪ್ಲಾಸ್ಟಿಕ್ಕು. ಅಲಂಕಾರಕ್ಕೆ ಇಡ್ತಾರೆ."

ಅಜ್ಜಿಯ ಮಾತಿಗೆ ಉತ್ತರ ಕೊಡುವ ಗಡಿಬಿಡಿಯಲ್ಲಿ ತಿಯೋ ಅಂಕಲ್‌ರ ಹೆಬ್ಬೆರಳು ಎಲ್ಲೋ ತಾಗಿ ಕ್ಯಾಮೆರಾ ತಿರುಗಿತು. ಪರದೆಯ ತುಂಬ ಟೋಪಿ, ಜಾಕೆಟ್ಟಿನ ಕಾಲರು, ನಡುವೆ ಧಾರಾಕಾರವಾಗಿ ಬೆವರುವ ಮುಖ.

"ಇವರಾ ವಾಂಗು? ಪಾಪ, ವಯಸ್ಸಾಗಿದೆ" ಎಂದು ಯಾರೋ ಅಂದರು. "ಯಾಕೆ ಹಂಗೆ ಬೆವರ್ತಿದ್ದಾರೆ?"

ರಮಾನಂದರಿಗೆ ಬೇರೆ ಏನೂ ಹೊಳೆಯಲಿಲ್ಲ. "ಸ್ವಲ್ಪ ಜ್ವರ ಇರಬಹುದು" ಎಂದುಬಿಟ್ಟರು.

ಆ ವರ್ಷ ಎಲ್ಲಿಯೂ ಆಡಬಾರದ ಮಾತು ಅದೊಂದೇ. ನಲವತ್ಮೂರು ಕಿಟಕಿಗಳಲ್ಲಿ ಜನ ತಮ್ಮ ತಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು, ಸೋಂಕು ಇಂಟರ್ನೆಟ್ಟಿನಲ್ಲಿ ಬರುವ ಹಾಗೆ. ಹುಬ್ಬಳ್ಳಿ ಕಡೆಯ ಫಹ್ಮೀದಾ ಡಾಕ್ಟರು ಕೂಡಲೇ ಮೈಕು ತೆರೆದರು.

"ಮಿಸ್ಟರ್ ವಾಂಗ್, ಫೀವರ್ ಹೌ ಮೆನೀ ಡೇಸ್? ವಾಸನಿ ಬರ್ತದೇನು ಅಂತ ಕೇಳ್ರಿ ಸರ. ನಾಲಿಗೀಗೆ ರುಚಿ ಐತೇನು?"

ತಿಯೋ ಅಂಕಲ್‌ಗೆ ಮಾತಾಡಬಾರದೆಂದು ನೆನಪಿತ್ತು. ಆದರೆ ಡಾಕ್ಟರು ಕೇಳಿದಾಗ ಸುಮ್ಮನಿರುವುದು ಮರ್ಯಾದೆಯಲ್ಲ. "ಕಾಯ್ಚಲ್ ಇಲ್ಲೆಮ್ಮಾ, ವೆಯಿಲ್" ಎಂದರು. ಜ್ವರ ಇಲ್ಲಮ್ಮಾ, ಬಿಸಿಲು.

ಹಿಂದಕ್ಕೆ ಸರಿದಿದ್ದವರೆಲ್ಲ ಮತ್ತೆ ಪರದೆಯ ಹತ್ತಿರ ಬಂದರು.

"ತಮಿಳು ಮಾತಾಡಿದ್ರು" ಎಂದರು ವಾಸಂತಿ.

"ವಾಂಗ್ ಎರಡು ವರ್ಷ ಚೆನ್ನೈಯಲ್ಲಿದ್ದ" ಎಂದರು ರಮಾನಂದರು. "ಕಾರ್ ಕಂಪನಿಯಲ್ಲಿ."

"ಆಮಾ ಆಮಾ, ಚೆನ್ನೈ" ಎಂದು ತಿಯೋ ಅಂಕಲ್ ಹುರುಪಿನಿಂದ ಒಪ್ಪಿಕೊಂಡರು. ಅಷ್ಟು ಹುರುಪು ಬಂದಮೇಲೆ ಅವರಿಗೆ ಎಡ ಯಾವುದು ಬಲ ಯಾವುದು ಮರೆತು, ಕ್ಯಾಮೆರಾವನ್ನು ಮತ್ತೆ ಹೊರಮುಖ ಮಾಡಿಕೊಂಡು, ಎತ್ತ ತಿರುಗಬಾರದಿತ್ತೋ ಅತ್ತಲೇ ತಿರುಗಿದರು.

ಅನ್ನದ ಮೇಲೆ ಬಗೆಬಗೆಯ ಸಾರು ಸುರಿದು ಕೊಡುವ ನಾಸಿ ಕಂದರ್ ಅಂಗಡಿಯ ಮುಂದೆ ಮಾಸ್ಕು ಹಾಕಿದ ಜನ ಕೆಂಪು ಟೇಪಿನ ಗುರುತುಗಳ ಮೇಲೆ ಒಂದೊಂದು ಮೀಟರು ಬಿಟ್ಟು ಪಾರ್ಸೆಲ್ಲಿಗೆ ನಿಂತಿದ್ದರು. ಬೀಜಿಂಗಿನಲ್ಲೂ ಈಗ ಮಲೇಷ್ಯಾದ ಊಟ ಬಹಳ ಜನಪ್ರಿಯ ಎಂದು ರಮಾನಂದರು ಹೇಳಿದರು. ಸಾಲಿನಲ್ಲಿ ಮೂರನೆಯವನು ನಿಂಬೆಹಣ್ಣಿನ ಬಣ್ಣದ ಚೌಕುಳಿ ಅಂಗಿ ತೊಟ್ಟಿದ್ದ. ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಫೋನು, ಕಣ್ಣು ಫೋನಿನಲ್ಲೇ ನೆಟ್ಟಿತ್ತು.

ಆಗ ಇನ್ನೊಂದು ಕಿಟಕಿಯಿಂದ ಸತ್ತಾರನ ದನಿ ಕೇಳಿತು. ಸತ್ತಾರ್ ಫಹ್ಮೀದಾ ಡಾಕ್ಟರ ಗಂಡ, ಎಂಜಿನಿಯರು. ಅವನ ಕ್ಯಾಮೆರಾ ಮುಚ್ಚಿತ್ತು.

"ಸರ, ಒಂದ್ ಮಾತು. ಈ ಬೀಜಿಂಗಿನ್ಯಾಗ ಒಬ್ಬಾಂವ ಥೇಟ್ ನನ್ನಂಗ ನಿಂತಾನ ನೋಡ್ರಿ."

"ಮಾಸ್ಕ್ ಹಾಕಿದ್ರೆ ಎಲ್ಲರೂ ಒಂದೇ ಥರ ಕಾಣ್ತಾರೆ" ಎಂದರು ರಮಾನಂದರು.

ಸತ್ತಾರನಿಗೆ ಸಮಾಧಾನವಾಗಲಿಲ್ಲ. ಪರೀಕ್ಷೆ ಮಾಡೋಣ ಎಂದು ಎಡಗೈ ಎತ್ತಿದ. ಬೀಜಿಂಗಿನವನೂ ಎತ್ತಿದ. ಸತ್ತಾರ್ ಕೈ ಇಳಿಸಿದ. ಅವನೂ ಇಳಿಸಿದ. ಸತ್ತಾರ್ ಮೆಲ್ಲಗೆ ತಲೆ ತಿರುಗಿಸಿ ಹಿಂದೆ ನೋಡಿದ. ಉಣ್ಣೆಯ ಟೋಪಿ ಹಾಕಿದ ಮುದುಕರೊಬ್ಬರು ತನ್ನತ್ತ ಫೋನು ಹಿಡಿದುಕೊಂಡು ನಿಂತಿರುವುದು ಕಂಡಿತು. ಮುದುಕರು "ಸಾಪ್ಟಾಚಾ?" ಎಂದು ಊಟದ ವಿಚಾರಣೆ ಮಾಡಿದರು. ಆ ಮಾತು ಸತ್ತಾರನ ಕಿವಿಗೆ ಎರಡು ಸಲ ಬಿತ್ತು, ಒಮ್ಮೆ ಗಾಳಿಯಲ್ಲಿ, ಒಮ್ಮೆ ಬೀಜಿಂಗಿನಿಂದ.

ಸತ್ತಾರ್ ಚುರುಕು ಬುದ್ಧಿಯವನು. ಎಲ್ಲ ಅರ್ಥವಾಯಿತು. ಹೊರಗೆ ಹೇಳಿ ನಗಬೇಕೆಂದು ಬಾಯಿ ತೆರೆದವನಿಗೆ ತಾನು ಮನೆ ಬಿಟ್ಟದ್ದು ಪೆಟ್ರೋಲ್ ಹಾಕಿಸುವ ನೆಪದಲ್ಲಿ ಎಂಬುದು ನೆನಪಾಯಿತು. ಹೋದ ತಿಂಗಳು ಕೊಲೆಸ್ಟರಾಲ್ ವರದಿ ಬಂದ ದಿನದಿಂದ ಫಹ್ಮೀದಾ ಅವನಿಗೆ ಓಟ್ಸ್ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ.

"ಹೌದ್ ಬಿಡ್ರಿ ಸರ" ಎಂದ. "ಇದು ಬೀಜಿಂಗೇ. ಏನ್ ಅನುಮಾನ ಇಲ್ಲ. ಥಂಡಿ ಭಾಳ ಕಾಣ್ತೈತಿ."

"ರೀ" ಎಂದರು ಫಹ್ಮೀದಾ. ದನಿ ಜೋರಿರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಆ ಬೀಜಿಂಗ್ ಮನಷ್ಯಾನ ಅಂಗಿ ನಾ ಈದ್‌ಗೆ ತಂದದ್ದು. ಬಗಲಾಗ ಹೊಲಿಗಿ ಬಿಚ್ಚಿತ್ತು, ನಾನೇ ಬಿಳಿ ದಾರದಾಗ ಹಾಕೀನಿ. ಕೈ ಎತ್ತಿದಾಗ ಕಾಣ್ತು."

ಕಾರಿನಲ್ಲಿ ರಮಾನಂದರು ಇನ್ನೂ ಒಂದು ಸುಳ್ಳು ಹುಡುಕಿದರು. ಚೀನಾದಿಂದಲೇ ಅಂಗಿ ಬರುವುದು ಎನ್ನಬಹುದಿತ್ತು, ಒಂದೇ ಕಾರ್ಖಾನೆ ಎನ್ನಬಹುದಿತ್ತು. ಆದರೆ ಬಿಳಿ ದಾರಕ್ಕೆ ಏನು ಹೇಳುವುದು? ಪರದೆಯ ಮೂಲೆಯಲ್ಲಿ ಸುಗಂಧಿಯ ಕಿಟಕಿ ಕಂಡಿತು. ಆಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು, ಹೆಗಲು ಅಲ್ಲಾಡುತ್ತಿತ್ತು. ಅಳುವೋ ನಗುವೋ ತಿಳಿಯಲಿಲ್ಲ. ಅದರ ಕೆಳಗೆ ಮಯೂರಿ ಚಾಟಿನಲ್ಲಿ ಬರೆದಿದ್ದಳು: ಅಪ್ಪಾ, ಜಸ್ಟ್ ಟೆಲ್ ಲಾ.

ರಮಾನಂದರು ಪುಸ್ತಕದ ಕಪಾಟನ್ನು ತೆಗೆದರು. ಹಿಂದೆ ಕಾರಿನ ಸೀಟು, ಅದರ ಮೇಲೆ ಕೈ ತೊಳೆಯುವ ದ್ರಾವಣದ ಬಾಟಲಿ.

"ಇದು ಜಾರ್ಜ್ ಟೌನ್" ಎಂದರು. "ಅವರು ವಾಂಗ್ ಅಲ್ಲ, ತಿಯೋ ಅಂಕಲ್. ನಾನು ಬೀಜಿಂಗಿನಲ್ಲಿ ಇದ್ದದ್ದು ನಾಲ್ಕು ತಿಂಗಳು. ಹುತೊಂಗಿಗೆ ಹೋದದ್ದು ಒಂದೇ ಸಲ."

"ಒಂದ್ಸಲ ಹೋಗಿದ್ರಲ್ಲ, ಅದನ್ನೇ ಹೇಳಿ ಸಾರ್" ಎಂದ ಜಯರಾಮ. ಕಾರ್ಯಕ್ರಮ ಮುಗಿಯಲು ಇನ್ನೂ ಮೂವತ್ತು ನಿಮಿಷ ಬಾಕಿ ಇತ್ತು, ಅವನಿಗೆ ಅದರ ಚಿಂತೆ.

"ಹೇಳುವ ಹಾಗಿಲ್ಲ."

"ಇಷ್ಟಾದ ಮೇಲೆ ಎಂತದ್ದು ಮಾರಾಯ್ರೆ, ಹೇಳಿ" ಎಂದಳು ಸುಗಂಧಿ. ಅವಳಿಗೂ ಅದು ಗೊತ್ತಿರಲಿಲ್ಲ.

ರಮಾನಂದರು ಹೇಳಿದರು. ಜನವರಿಯ ಒಂದು ಸಂಜೆ ಕಾರ್ಖಾನೆಯವರು ಐದು ಲೋಟ ಚಹಾ ಕುಡಿಸಿ ಊರು ನೋಡಲು ಟ್ಯಾಕ್ಸಿ ಹತ್ತಿಸಿದ್ದರು. ಟ್ಯಾಕ್ಸಿ ಊರೊಳಗಿನ ವಾಹನಸಾಲಿನಲ್ಲಿ ಸಿಕ್ಕಿಕೊಂಡಿತು. ಹೊಟ್ಟೆ ತಡೆಯಲಿಲ್ಲ. ಚಾಲಕನಿಗೆ ಸನ್ನೆ ಮಾಡಿದಾಗ ಅವನು ಒಂದು ಓಣಿ ತೋರಿಸಿದ. ಓಡಿದರು. ಓಣಿಯ ಮನೆಗಳಿಗೆಲ್ಲ ಸೇರಿ ಒಂದೇ ಪಾಯಖಾನೆ. ಒಳಗೆ ಹೋದರೆ ಅಡ್ಡಗೋಡೆಯೇ ಇಲ್ಲ. ದಪ್ಪ ಕೋಟು ಹಾಕಿದ ಐದು ಜನ ಮುದುಕರು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಹೋಟೆಲಿನ ಬೆಂಚಿನಲ್ಲಿ ಕೂತವರ ಹಾಗೆ ಮಾತಾಡುತ್ತಿದ್ದರು. ತುದಿಯ ಜಾಗವೊಂದು ಖಾಲಿಯಿತ್ತು.

"ನಾನೂ ಕೂತೆ. ಬೇರೆ ದಾರಿ ಇರಲಿಲ್ಲ. ಒಬ್ಬರು ನನ್ನನ್ನು ಏನೋ ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಅವರಿಗೆ ಅಷ್ಟೇ ಸಾಕಾಯ್ತು, ನನ್ನನ್ನೂ ಸೇರಿಸಿಕೊಂಡು ಮಾತು ಮುಂದುವರಿಸಿದರು. ನನ್ನ ಹತ್ತಿರ ಕಾಗದ ಇರಲಿಲ್ಲ. ಒಬ್ಬರು ಪೇಪರು ಓದ್ತಾ ಇದ್ದರು. ಓದಿದ ಹಾಳೆ ಹರಿದು ಕೊಟ್ಟರು. ಅದರಲ್ಲೂ ಕ್ರೀಡಾಪುಟ ಕೊಡಲಿಲ್ಲ, ಅದನ್ನು ಅವರು ಇನ್ನೂ ಓದಿರಲಿಲ್ಲ."

ಯಾರೋ ಮೂಗಿನಲ್ಲಿ ನಕ್ಕ ಸದ್ದು ಬಂತು. ರಮಾನಂದರು ನಿಲ್ಲಿಸಲಿಲ್ಲ. ಹೊರಗೆ ಬಂದರೆ ದಾರಿ ತಪ್ಪಿತು. ಎತ್ತ ಹೋದರೂ ಅದೇ ಬೂದು ಗೋಡೆ, ಅದೇ ತಿರುವು. ಮೂರು ಸಲ ಸುತ್ತಿ ಮೂರು ಸಲವೂ ಅದೇ ಪಾಯಖಾನೆಯ ಮುಂದೆ ಬಂದು ನಿಂತರು. ಮೂರನೇ ಸಲ ಪೇಪರಿನ ಮುದುಕರು ಹೊರಗೆ ಬರುತ್ತಿದ್ದರು. ಇವರ ಮುಖ ನೋಡಿ, ತೋಳು ಹಿಡಿದುಕೊಂಡು, ಹಾದಿಯಲ್ಲಿ ತಮ್ಮ ಮನೆಯ ಬಾಗಿಲಿಗೆ ಕರೆದೊಯ್ದು ಬಿಸಿ ಗೆಣಸು ಕೈಗೆ ಕೊಟ್ಟು, ಟ್ಯಾಕ್ಸಿಯವರೆಗೂ ತಂದು ಬಿಟ್ಟರು.

"ಅವರ ಹೆಸರು ಕೇಳಲಿಲ್ಲ. ಕೇಳೋಕೆ ಮಾತು ಬರ್ತಿರಲಿಲ್ಲ. ವಾಂಗ್ ಅಂತ ಆಮೇಲೆ ನಾನಿಟ್ಟದ್ದು."

ಮೊದಲು ಜೋರಾಗಿ ನಕ್ಕವರು ಫಹ್ಮೀದಾ ಡಾಕ್ಟರು. ಅವರ ನಗು ಒಬ್ಬರಿಂದ ಒಬ್ಬರಿಗೆ ದಾಟಿ ಪರದೆಯೆಲ್ಲ ಅಲ್ಲಾಡಿತು. ಕ್ಯಾಮೆರಾ ಮುಚ್ಚಿದ್ದವರೂ ತೆರೆದು ನಕ್ಕರು. "ಆರು ವರ್ಷದಿಂದ ಇದನ್ನ ಬಿಟ್ಟು ಪಾರಿವಾಳದ ಕತೆ ಹೇಳ್ತಿದ್ರಲ್ಲ ಸಾರ್" ಎಂದ ಜಯರಾಮ, ನಿಜವಾಗಿ ನೊಂದವನ ದನಿಯಲ್ಲಿ.

ಇದಾವುದೂ ಅರ್ಥವಾಗದೆ ಬಿಸಿಲಲ್ಲಿ ನಿಂತಿದ್ದ ತಿಯೋ ಅಂಕಲ್, ಎಲ್ಲರೂ ನಗುತ್ತಿರುವುದು ಕಂಡು, ಇನ್ನು ವಾಂಗ್ ಆಗಬೇಕಿಲ್ಲ ಎಂದು ಊಹಿಸಿದರು. ಟೋಪಿ ತೆಗೆದರು, ಜಾಕೆಟ್ಟು ತೆಗೆದರು, ಬನಿಯನ್ನಿನಲ್ಲಿ ತಮ್ಮ ಓಣಿಯನ್ನು ತಾವೇ ತೋರಿಸತೊಡಗಿದರು. ವಾಸಂತಿ ತಮಿಳಿನಿಂದ ಕನ್ನಡಕ್ಕೆ ತಿರುಗಿಸಿ ಹೇಳಿದರು. ಇಲ್ಲಿ ಹುಟ್ಟಿದೆ, ಈ ಮೆಟ್ಟಿಲಿಂದ ಬಿದ್ದು ಹಲ್ಲು ಮುರಿದುಕೊಂಡೆ, ಈ ಮನೆಯವಳನ್ನು ಮದುವೆಯಾಗಬೇಕೆಂದಿದ್ದೆ, ಅವಳು ಅಕ್ಕಸಾಲಿಗನನ್ನು ಕಟ್ಟಿಕೊಂಡಳು. ಉಣ್ಣೆ ಟೋಪಿಯ ಬಗ್ಗೆ ಕೇಳಿದ ಅಜ್ಜಿಯೇ ಆಕೆ. ಮೂವತ್ತು ನಿಮಿಷ ಒಂದು ಗಂಟೆ ಇಪ್ಪತ್ತು ನಿಮಿಷವಾಯಿತು.

ಎಲ್ಲ ಮುಗಿದ ಮೇಲೆ ರಮಾನಂದರು ಕಾರಿನಿಂದ ಇಳಿದು ಓಣಿಗೆ ಬಂದರು. ಸತ್ತಾರ್ ಅಲ್ಲೇ ಇದ್ದ. ಫಹ್ಮೀದಾ ಅವನಿಗೆ ಆ ಒಂದು ಹೊತ್ತಿನ ಮಟ್ಟಿಗೆ ಕ್ಷಮೆ ಕೊಟ್ಟಿದ್ದರು, ಸಂಜೆ ಒಂದು ಗಂಟೆ ನಡೆಯಬೇಕೆಂಬ ಷರತ್ತಿನೊಂದಿಗೆ. ಮೂವರೂ ಅಂಗಡಿಸಾಲಿನ ಜಗಲಿಯ ಮೇಲೆ ದೂರದೂರ ಕೂತು ಪಾರ್ಸೆಲ್ಲು ಬಿಚ್ಚಿದರು. ಸತ್ತಾರನದು ಕುರಿಯ ಸಾರು, ತಿಯೋ ಅಂಕಲ್‌ರದು ಮೀನು, ರಮಾನಂದರದು ಬೆಂಡೆಕಾಯಿ.

"ನಿಮ್ಮವರು ಒಳ್ಳೆಯವರು" ಎಂದರು ತಿಯೋ ಅಂಕಲ್. "ಯಾವ ದೇಶದ ಮಾತು ಅದು?"

"ಕನ್ನಡ ಅಂಕಲ್."

"ಓ. ಅಲ್ಲಿ ತುಂಬ ಹಿಮ ಅಲ್ವಾ?"

ಇನ್ನು ಮೇಲೆ ತಪ್ಪು ತಿಳಿವಳಿಕೆಯನ್ನು ತಿದ್ದದೆ ಬಿಡುವುದಿಲ್ಲ ಎಂದು ರಮಾನಂದರು ಆಗಷ್ಟೇ ತೀರ್ಮಾನಿಸಿದ್ದರು. ಕೈ ತೊಳೆದುಕೊಂಡು ಬಂದು, ಪಾರ್ಸೆಲ್ಲಿನ ಕಾಗದದ ಹಿಂದೆ ಭಾರತದ ನಕ್ಷೆ ಬರೆದರು. ತಮಿಳುನಾಡು ಇಲ್ಲಿ, ಅದರ ಮೇಲೆ ಎಡಕ್ಕೆ ಕರ್ನಾಟಕ, ಹಿಮ ಇಲ್ಲ, ಮಳೆ ಉಂಟು. ಸತ್ತಾರ್ ಹುಬ್ಬಳ್ಳಿಗೆ ಒಂದು ಚುಕ್ಕಿ ಇಟ್ಟ. ತಿಯೋ ಅಂಕಲ್ ಕನ್ನಡಕ ಹಾಕಿಕೊಂಡು ನೋಡಿದರು, ಎಲ್ಲದಕ್ಕೂ ಹೂಂ ಎಂದರು.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, ಇವರ್ಯಾರು ಎಂಬಂತೆ ಗಲ್ಲ ಎತ್ತಿ ಏನೋ ಕೇಳಿದರು. ತಿಯೋ ಅಂಕಲ್ ನಕ್ಷೆಯನ್ನು ಎತ್ತಿ ತೋರಿಸುತ್ತಾ ಹೊಕ್ಕಿಯನ್ ಭಾಷೆಯಲ್ಲಿ ಬಹಳ ಹೊತ್ತು ವಿವರಿಸಿದರು. ಅಜ್ಜಿ ಮೆಚ್ಚುಗೆಯಿಂದ ತಲೆದೂಗಿದರು. ಅಷ್ಟುದ್ದದ ಮಾತಿನಲ್ಲಿ ರಮಾನಂದರಿಗೂ ಸತ್ತಾರನಿಗೂ ಅರ್ಥವಾದ ಪದ ಒಂದೇ, ಕೆನಡಾ.